ಜತೆಗೆ ಬಂದೋನ ಕಾಲು

ಮಂಡ್ಯದಲ್ಲಿ ಕೂತು ಶುಗರ್ ಮಾತು ಬ್ಯಾಡ ಅಂದ್ರೆ ಆಗುತ್ತಾ? ಟೀ ಅಂಗಡಿ ಬೆಂಚಿನಲ್ಲಿ ಮಾತು ಸುತ್ತಿ ಬಳಸಿ ಅಲ್ಲಿಗೇ ಬಂತು. ನಾನೂ ಪುಟ್ಟಸ್ವಾಮಿಯೂ ಪಾದದ ಡಾಕ್ಟ್ರ ಹತ್ರ ಹೋಗಿ ಬಂದ್ವಿ ಅಂತ ಹೇಳಿದ್ದೇ ತಡ, ಚಿಕ್ಕಣ್ಣ ಶುರು ಮಾಡಿದ.

“ಪಾದಕ್ಕೂ ಬ್ಯಾರೆ ಡಾಕ್ಟ್ರಾ? ನಾಳೆ ಕಿರುಬೆಳ್ಳಿಗೂ ಒಬ್ರು ಬತ್ತಾರೆ ಬುಡು,” ಅಂದ ಚಿಕ್ಕಣ್ಣ, ಸಕ್ಕರೆ ಹಾಕದ ಟೀ ಹೀರುತ್ತಾ.

“ನಗಬ್ಯಾಡ ಕಣ್ಲಾ. ಮೈಯಲ್ಲಿರೋ 206 ಮೂಳೇಲಿ ಒಂದು ಪಾದಕ್ಕೇ 26. ಎರಡಕ್ಕೂ ಸೇರಿ 52,” ಅಂದೆ ನಾನು.

“ಇಸ್ಪೀಟ್ ಕಟ್ಟು! ಜೋಕರ್ ಎಲ್ಲವ್ನೆ?”

“ಮ್ಯಾಲೆ ನಿಂತವ್ನೆ,” ಅಂದ ಪುಟ್ಟಸ್ವಾಮಿ, ಚಿಕ್ಕಣ್ಣನನ್ನೇ ನೋಡುತ್ತಾ.

ಡಾಕ್ಟ್ರ ಹತ್ರ ಹೋಗಿದ್ದು ನಾನು, ಹಿಮ್ಮಡಿ ನೋವಿಗೆ. ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಹೊಡೆದಂಗೆ. ಸ್ವಲ್ಪ ಓಡಾಡಿದ ಮೇಲೆ ಕಮ್ಮಿ. ಅವರು ಒತ್ತಿ ನೋಡಿ, ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಇರೋ ಪಟ್ಟಿ ನೊಂದಿದೆ, ಮೀನಖಂಡ ಎಳೆಯೋ ವ್ಯಾಯಾಮ ಮಾಡಿ, ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡಿ ಅಂದರು. ಅಷ್ಟೇ. ಇಷ್ಟು ಸಣ್ಣ ಕಾಯಿಲೆಯಾ ಅಂತ ನನಗೆ ಬೇಜಾರೇ ಆಯ್ತು.

ಜತೆಗೆ ಬಂದಿದ್ದ ಪುಟ್ಟಸ್ವಾಮಿ ಸುಮ್ಮನೆ ಕೂರಬೇಕಿತ್ತು. ಶುಗರ್ ಬಂದು ಹತ್ತು ವರ್ಷ ಆಗಿದೆ. “ನಂಗೇನೂ ನೋವಿಲ್ಲ ಸಾ, ಕಬ್ಬಿನ ಕೂಳೆ ತುಳುದ್ರೂ ಗೊತ್ತಾಗಾಕಿಲ್ಲ,” ಅಂತ ಎದೆ ಉಬ್ಬಿಸಿದ. ಡಾಕ್ಟ್ರು ಪೆನ್ನು ಕೆಳಗಿಟ್ಟರು. ಕಣ್ಣು ಮುಚ್ಚಿಸಿ, ಗಾಳದ ದಾರದಂಥ ನೈಲಾನ್ ಎಳೆಯಲ್ಲಿ ಅಂಗಾಲು ಮುಟ್ಟುತ್ತಾ ಹೋದರು. 10 ಗ್ರಾಂ ಒತ್ತಡಕ್ಕೆ ಬಾಗೋ ಎಳೆಯಂತೆ ಅದು. ಮುಟ್ಟಿದಾಗೆಲ್ಲ ‘ಹ್ಞೂಂ’ ಅನ್ನಬೇಕು.

“ಇನ್ನೂ ಸುರು ಮಾಡಿಲ್ಲ ಅನ್ಕಂಡು ಕಾಯ್ತಾ ಕೂತಿದ್ದೆ,” ಅಂದ ಪುಟ್ಟಸ್ವಾಮಿ. “ನೋಡುದ್ರೆ ಮುಗ್ದೇ ಹೋಗಿತ್ತು!”

ಆಮೇಲೆ ಅವನ ಹವಾಯಿ ಚಪ್ಪಲಿ ತಿರುಗಿಸಿದರೆ ಜಾಲಿ ಮುಳ್ಳು ಆರ್‌ಪಾರ್. ಕಾಲಲ್ಲಿ ಹುಣ್ಣು. ಶುಗರ್ ನರ ತಿಂದರೆ ಗಾಯ ಆದದ್ದು ತಿಳಿಯಲ್ಲ, ರಕ್ತದ ಓಟ ಕಮ್ಮಿಯಾದರೆ ಬೇಗ ಒಣಗಲ್ಲ. ಬೆರಳು ತೆಗೆಯೋವರೆಗೂ ಹೋಗೋದು ಹಿಂಗೇ.

“ಈಗ ದಿನಾ ರಾತ್ರಿ ಕನ್ನಡೀಲಿ ಅಂಗಾಲು ನೋಡ್ಕಬೇಕು. ಆಣಿನ ಬ್ಲೇಡಲ್ಲಿ ಕೆತ್ತಂಗಿಲ್ಲ. ಉಗುರು ನೇರಕ್ಕೆ ಕತ್ತರಿಸ್ಬೇಕು. ನನ್ನೆಂಡ್ರು, ‘ಮದ್ವೆ ದಿನಾನೂ ಇಷ್ಟೊತ್ತು ಕನ್ನಡಿ ನೋಡ್ನಿಲ್ಲ ಕಣ್ರೀ’ ಅಂತವ್ಳೆ. ಶೂ ಆಗ್ಲಿ ಚಪ್ಲಿ ಆಗ್ಲಿ, ಕೊಡವಿಯೇ ಹಾಕಬೇಕಂತೆ.”

ಚಿಕ್ಕಣ್ಣನ ಟೀ ಆರಿ ಹೋಗಿತ್ತು. ಮೆಲ್ಲಗೆ ಒಂದು ಶೂ ಬಿಚ್ಚಿ ಬೆಂಚಿಗೆ ಬಡಿದ. ಬೆಳಿಗ್ಗೆಯಿಂದ ಮನೆಯೆಲ್ಲಾ ಹುಡುಕಿದ್ದ ಅಂಗಿ ಗುಂಡಿ ಟಣ್ ಅಂತ ಬಿತ್ತು.