ಬರ್ಚ್ ಪ್ಲೈ ಸಿಗ್ತಿಲ್ಲ, ಬದಲಿಗೆ ಯಾವುದು ತಗೊಳ್ಳಲಿ?

ಪ್ರಶ್ನೆ: ನಮಸ್ತೆ ಅಣ್ಣ, ಮೈಸೂರಿನಿಂದ ಬರೀತಿದ್ದೇನೆ. ಮನೆಯಲ್ಲೇ ಲೇಸರ್ ಮಷಿನ್ ಇಟ್ಟುಕೊಂಡು ಮಕ್ಕಳ ಪಜಲ್, ದಸರಾ ಗೊಂಬೆಗೆ ಪುಟ್ಟ ಮಂಟಪ, ಕಾಫಿ ಟ್ರೇ ಮಾಡಿ ಮಾರುತ್ತೇನೆ. ಬರ್ಚ್ ಮರದ ಪ್ಲೈವುಡ್ ಒಂದು ತಿಂಗಳು ಸಿಕ್ಕರೆ ಎರಡು ತಿಂಗಳು ಇಲ್ಲ. ಅಂಗಡಿಯವರು "ಮರೈನ್ ತಗೊಳ್ಳಿ, ಅದೇ ಬೆಸ್ಟ್" ಅಂತ ನೀರಿಗೂ ತಡೆಯೋ ಪ್ಲೈನ 6 ಎಂಎಂ ಶೀಟ್ ಕೊಟ್ಟರು. ಲೇಸರ್ ಅರ್ಧಕ್ಕೇ ನಿಂತಿತು, ಅಂಚೆಲ್ಲ ಕರಿ. ಮಂಟಪದ ಕಂಬ ಸ್ಲಾಟ್‌ನಲ್ಲಿ ಲೊಡಲೊಡ ಅನ್ನುತ್ತೆ.

ಉತ್ತರ: ಅಕ್ಕ, ಬರ್ಚ್ ಬರೋದು ರಷ್ಯಾ, ಫಿನ್ಲೆಂಡ್, ಲಾಟ್ವಿಯಾ ಕಡೆಯಿಂದ. 2022ರ ಯುದ್ಧದ ನಂತರ ಯುರೋಪ್ ರಷ್ಯಾದ ಮರ ತಗೊಳ್ಳೋದು ನಿಲ್ಲಿಸಿತು, ಮಾರುಕಟ್ಟೆಯೇ ಏರುಪೇರಾಯಿತು. ನಮ್ಮಲ್ಲಿ 2025ರಿಂದ ಪ್ಲೈವುಡ್‌ಗೆ ಐಎಸ್‌ಐ ಗುರುತು ಕಡ್ಡಾಯ, ಹೊರದೇಶದ ಕಾರ್ಖಾನೆಗೂ ಲೈಸೆನ್ಸ್ ಬೇಕು. ಅದಕ್ಕೇ ಬರ್ಚನ್ನೇ ನಂಬಿ ಆರ್ಡರ್ ಒಪ್ಪಿಕೊಳ್ಳಬೇಡಿ.

ಮರೈನ್ ಕೆಟ್ಟದ್ದಲ್ಲ, ನಿಮ್ಮ ಕೆಲಸಕ್ಕಲ್ಲ ಅಷ್ಟೆ. ಐಎಸ್ 710 ಅಂದರೆ ಮರೈನ್‌ಗಿರೋ ಮಾನದಂಡ, ಆ ಶೀಟ್ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಅದಕ್ಕೆ ಹಾಕೋ ಫೀನಾಲ್ ಗಮ್ ಕಪ್ಪು, ಗಟ್ಟಿ. ಲೇಸರ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ಪಜಲ್, ಮಂಟಪಕ್ಕೆ ಸಾಮಾನ್ಯ ಪ್ಲೈನ ಮಾನದಂಡ ಐಎಸ್ 303ರಲ್ಲಿ ಬರೋ ಎಂಆರ್ ಗ್ರೇಡ್ (ತೇವ ತಡೆಯೋದು) ಸಾಕು, ಅದರ ಬಿಳಿ ಗಮ್ಮನ್ನು ಲೇಸರ್ ಸಲೀಸಾಗಿ ಕತ್ತರಿಸುತ್ತೆ. ಟ್ರೇ ಮೇಲೆ ಕಾಫಿ ಚೆಲ್ಲುತ್ತೆ ಅಲ್ವಾ, ಅದಕ್ಕೆ ಕುದಿನೀರಿಗೂ ತಡೆಯೋ ಬಿಡಬ್ಲ್ಯುಆರ್ ಗ್ರೇಡ್ ಹಾಕಿ, ಲೇಸರ್ ಬಿಟ್ಟು ಗರಗಸದಲ್ಲಿ ಕೊಯ್ಯಿರಿ.

ಮರದ ವಿಷಯ. ಯಮುನಾನಗರದ ಪೋಪ್ಲರ್ ಬೆಳ್ಳಗೆ, ಹಗುರ, ಲೇಸರ್‌ಗೆ ಬೆಣ್ಣೆ. ಆದರೆ ಉಗುರು ಊರಿದರೂ ಗುರುತು ಬೀಳುತ್ತೆ. ನೀಲಗಿರಿ ಗಟ್ಟಿ, ಆದರೆ ತೆಳು ಶೀಟ್ ಹಪ್ಪಳದ ಹಾಗೆ ಸೊಟ್ಟಗಾಗುತ್ತೆ. ನನ್ನ ಮಟ್ಟಿಗೆ, ಕಾಫಿ ತೋಟದ ಸಿಲ್ವರ್ ಓಕ್ ಕೋರ್ (ಒಳಪದರ) ಇದ್ದರೆ ಅದನ್ನೇ ಕೇಳಿ.

ಮೇಲಿನ ಮುಖ ನೋಡಿ ಮೋಸ ಹೋಗಬೇಡಿ. ಕೆಂಪಗೆ ಹೊಳೀತಿದ್ದರೆ ಒದ್ದೆ ಬಟ್ಟೆಯಲ್ಲಿ ಉಜ್ಜಿ. ಬಟ್ಟೆ ಕೆಂಪಾಯ್ತೋ, ಬಣ್ಣ ಬಳಿದಿದ್ದಾರೆ. ನೋಡಬೇಕಾದ್ದು ಅಂಚು, ಅದೂ ಕಾರ್ಖಾನೆಯ ಅಂಚಲ್ಲ, ಹೊಸದಾಗಿ ಕೊಯ್ದದ್ದು. ಹೋದ ವಾರ ಚೆನ್ನಾಗೇ ಕಾಣ್ತಿದ್ದ ಒಂದು 12 ಎಂಎಂ ಶೀಟ್ ನಡುವೆ ಕೊಯ್ದೆ. ಒಳಗೆ ಬೆರಳು ತೂರುವ ಗ್ಯಾಪ್, ಅದರಲ್ಲಿ ಮರದ ಪುಡಿ ತುಂಬಿ ಮುಚ್ಚಿದ್ದರು! ಬೆರಳಗಂಟಿನಿಂದ ತಟ್ಟುತ್ತಾ ಹೋಗಿ, ಪೊಳ್ಳಿದ್ದ ಕಡೆ ಸದ್ದು ಬದಲಾಗುತ್ತೆ. ಐಎಸ್‌ಐ ಗುರುತಿನ ಕೆಳಗಿನ ಸಿಎಂ/ಎಲ್ ಅನ್ನೋ ಲೈಸೆನ್ಸ್ ನಂಬರನ್ನು, ಆ ಗುರುತು ಕೊಡೋ ಬಿಐಎಸ್‌ನವರ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ.

ಲೊಡಲೊಡ ಯಾಕೆ ಅಂದರೆ 6 ಎಂಎಂ ಅಂತ ಕೊಟ್ಟಿದ್ದು 5.5 ಇರುತ್ತೆ. ನಾಲ್ಕು ಮೂಲೆಯಲ್ಲೂ ದಪ್ಪ ಅಳೆದು ಶೀಟ್ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡಿ, ಸ್ಲಾಟ್ ಅಗಲ ಆ ಅಳತೆಗೆ ಬದಲಾಯಿಸಿ. ಇನ್ನೊಂದು ಮಾತು, ಬರ್ಚ್ ಸಾಮಾನ್ಯವಾಗಿ 5 ಅಡಿ ಚೌಕ, ನಮ್ಮದು 8ಕ್ಕೆ 4. ಲೇಔಟ್ ಹೊಸದಾಗಿ ಹಾಕಿ, ಇಲ್ಲದಿದ್ದರೆ ಚೂರು ಜಾಸ್ತಿ ಉಳಿಯುತ್ತೆ.

ಇನ್ನೊಬ್ಬರು: ಸಾರ್, ಎಂಆರ್ ಗಮ್‌ನಲ್ಲಿ ಫಾರ್ಮಾಲ್ಡಿಹೈಡ್ ಅನ್ನೋ ಹಾನಿಕರ ರಾಸಾಯನಿಕ ಇರುತ್ತಲ್ಲ? ಮಗು ಬಾಯಿಗೆ ಹಾಕಿದರೆ?

ಉತ್ತರ: ಒಳ್ಳೇ ಪ್ರಶ್ನೆ. ಹೌದು, ಎಂಆರ್‌ಗೆ ಹಾಕೋ ಯೂರಿಯಾ ಗಮ್ ಅದನ್ನು ಫೀನಾಲ್‌ಗಿಂತ ಜಾಸ್ತಿ ಬಿಡುತ್ತೆ. ಅದನ್ನು ಕಮ್ಮಿ ಬಿಡುತ್ತೆ ಅನ್ನೋ ಗುರುತು ಇ0 ಅಥವಾ ಇ1, ಹಾಗಂತ ಬರೆದಿರೋ ಶೀಟನ್ನೇ ಕೇಳಿ. ಕತ್ತರಿಸಿದ ತುಂಡನ್ನು ಕೆಲವು ದಿನ ಗಾಳಿಗೆ ಹರಡಿ, ಆಮೇಲೆ ಆಟಿಕೆಗೆ ಅಂತಲೇ ಸಿಗೋ ವಾಟರ್‌ಬೇಸ್ ಪಾಲಿಶ್ ಅಂಚಿಗೂ ಸೇರಿಸಿ ಎರಡು ಕೋಟ್ ಹೊಡೆಯಿರಿ. ಎಲ್ಲಾ ಬಾಯಿಗೆ ಹಾಕೋ ವಯಸ್ಸಿನ ಕೂಸಿಗೆ ಮಾತ್ರ ಪ್ಲೈ ಬೇಡವೇ ಬೇಡ. ಚನ್ನಪಟ್ಟಣದವರ ಹಾಗೆ ಆಲೆ ಮರದಲ್ಲಿ ಮಾಡಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಅಣ್ಣ. ಅಂಗಡಿಯಲ್ಲಿ ಶೀಟ್ ಕೊಯ್ದು ತೋರಿಸಿ ಅಂದ್ರೆ ಬೈಯಲ್ವಾ?

ಉತ್ತರ: ಇಡೀ ಶೀಟ್ ಕೊಯ್ಯಿ ಅನ್ನಬೇಡಿ. ಅದೇ ಲಾಟ್‌ನ ಕಟ್‌ಪೀಸ್ ಮೂಲೆಯಲ್ಲಿ ಬಿದ್ದಿರುತ್ತೆ, ಅದನ್ನು ಕೇಳಿ. ದಪ್ಪ ಅಳೆಯೋ ಕ್ಯಾಲಿಪರ್ ಜೊತೆಗೇ ಒಯ್ಯಿರಿ. ಅಷ್ಟಕ್ಕೂ ಮುಖ ಸಿಂಡರಿಸಿದರೆ ಪಕ್ಕದ ಅಂಗಡಿ ಇದ್ದೇ ಇದೆ.