ಧ್ಯಾನ ಮಾಡಿ ಅನ್ನಬೇಡಿ, ನಿಮ್ಮ ಟೆನ್ಷನ್ ನಿಜವಾಗಿ ಹೇಗೆ ಇಳಿಯಿತು ಹೇಳಿ

ಕೇಳಿದವರು, ತುಮಕೂರು

ನನಗೆ 43 ವರ್ಷ. ಮನೆ ತುಮಕೂರು, ಕೆಲಸ ಬೆಂಗಳೂರಿನ ಮಲ್ಲೇಶ್ವರದ ಒಂದು ಆಡಿಟ್ ಆಫೀಸಿನಲ್ಲಿ. ದಿನಾ ರೈಲು. ಬೆಳಗ್ಗೆ ಐದಕ್ಕೆ ಎದ್ದರೆ ತಿಂಡಿ, ಡಬ್ಬಿ, ಅತ್ತೆಗೆ ಇನ್ಸುಲಿನ್, ಆಮೇಲೆ ಸ್ಟೇಷನ್ನಿಗೆ ಓಟ. ವಾಪಸ್ ಮನೆ ಸೇರುವಾಗ ರಾತ್ರಿ ಎಂಟು. ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್. ಮಗ ಸೆಕೆಂಡ್ ಪಿಯು, ಸೈನ್ಸ್. ಅತ್ತೆಗೆ ಹೋದ ವರ್ಷ ಸ್ಟ್ರೋಕ್ ಆಗಿ ಎಡಗೈ ಸರಿಯಾಗಿ ಏಳುವುದಿಲ್ಲ.

ಈಚೆಗೆ ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಇಲ್ಲ. ಏಳುವಾಗ ದವಡೆ ನೋಯುತ್ತದೆ. ಫೋನ್ ರಿಂಗ್ ಆದರೆ ಎದೆ ಡವಡವ. ಮಗ ನೀರು ಕೇಳಿದರೂ ರೇಗುತ್ತೇನೆ. ಧ್ಯಾನದ ಆ್ಯಪ್ ಹಾಕಿಕೊಂಡೆ. ಅದು "ಇವತ್ತು ಇನ್ನೂ ಮಾಡಿಲ್ಲ" ಅಂತ ದಿನಾ ನೆನಪಿಸಿ ಇನ್ನೊಂದು ಬಾಕಿ ಕೆಲಸ ಆಯಿತು ಅಷ್ಟೆ. ತೆಗೆದುಹಾಕಿದೆ. ಕೆಲಸ ಬಿಡುವ ಹಾಗಿಲ್ಲ, ಮನೆ ಸಾಲ ಇದೆ. ನಿಮಗೆ ಏನು ಉಪಯೋಗ ಆಯಿತು, ಅದನ್ನು ಮಾತ್ರ ಹೇಳಿ.

ಹುಬ್ಬಳ್ಳಿಯಿಂದ, ನರ್ಸ್

ಅಕ್ಕಾರೆ, ಮೊದಲು ರಕ್ತ ಪರೀಕ್ಷೆ ಮಾಡಿಸ್ರಿ. ಮನಸ್ಸಿನ ಮಾತು ಆಮೇಲೆ. ಎದೆ ಡವಡವ, ನಿದ್ದೆ ಇಲ್ಲ, ಸಿಟ್ಟು ಜಾಸ್ತಿ, ಈ ಮೂರೂ ಥೈರಾಯ್ಡ್ ಜೋರಾದಾಗಲೂ ಬರುತ್ತವೆ. ರಕ್ತ ಕಡಿಮೆ ಇದ್ದರೂ ಎದೆ ಬಡಿತ ಏರುತ್ತದೆ, ಸುಸ್ತಾಗುತ್ತದೆ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ನಮ್ಮ ವಾರ್ಡಿಗೆ "ಟೆನ್ಷನ್ ಸಿಸ್ಟರ್, ಬರೀ ಟೆನ್ಷನ್" ಅಂತ ಬಂದವರಲ್ಲಿ ರಕ್ತವೇ ಇಲ್ಲದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಥೈರಾಯ್ಡಿಗೆ ಟಿಎಸ್‌ಎಚ್, ಹಿಮೋಗ್ಲೋಬಿನ್, ಬಿ12, ಶುಗರ್, ಜೊತೆಗೆ ಬಿಪಿ. ಇಷ್ಟು ಸಾಕು, ದೊಡ್ಡ ಪ್ಯಾಕೇಜ್ ಬೇಡ.

ಇನ್ನೊಂದು. 43 ಅಂದಿರಿ. ಮುಟ್ಟು ಹಿಂದೆ ಮುಂದೆ ಆಗುತ್ತಿದೆಯಾ? ರಾತ್ರಿ ಬೆವರಿ ಎಚ್ಚರ ಆಗುತ್ತದೆಯಾ? ಹಾಗಿದ್ದರೆ ಹೆಂಗಸರ ಡಾಕ್ಟರಿಗೂ ಒಮ್ಮೆ ತೋರಿಸ್ರಿ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ನಿದ್ದೆ ಕೆಡುವುದು ಬಹಳ ಮಾಮೂಲು. ಅತ್ತೆಯ ಶುಗರ್ ಚೀಟಿಯನ್ನು ಫೈಲ್ ಮಾಡಿ ಇಡುವ ಸೊಸೆಯಂದಿರು ತಮ್ಮದೊಂದು ಪರೀಕ್ಷೆ ಮಾಡಿಸಿಕೊಂಡಿರುವುದಿಲ್ಲ. ದಿನಾ ನೋಡುವ ಸಂಗತಿ ಇದು.

ಚಿಕ್ಕಮಗಳೂರಿನಿಂದ

ಕಾಫಿ ಬೆಳೆಯುವ ಊರಿನವನೇ ಹೇಳುತ್ತಿದ್ದೇನೆ, ಮಧ್ಯಾಹ್ನ ಎರಡರ ಮೇಲೆ ಕಾಫಿ ಮುಟ್ಟಬೇಡಿ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ಸಂಜೆ ಆರರ ರೈಲಿನಲ್ಲಿ ಕುಡಿದದ್ದು ರಾತ್ರಿ ಹನ್ನೊಂದಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಒಂದೇ ಸಲ ಬಿಟ್ಟರೆ ತಲೆನೋವು ಗ್ಯಾರಂಟಿ, ನಿಧಾನಕ್ಕೆ ಇಳಿಸಿ. ಬೆಳಗಿನ ಕಾಫಿ ಬಿಡಿ ಅಂತ ಯಾರಾದರೂ ಅಂದರೆ ಅವರ ಮಾತು ಕೇಳಬೇಡಿ.

ದಾವಣಗೆರೆಯಿಂದ, ಹೈಸ್ಕೂಲ್ ಟೀಚರ್

ಆ್ಯಪ್ ತೆಗೆದದ್ದು ಒಳ್ಳೆಯದೇ ಆಯಿತು. ಟೆನ್ಷನ್ ಇರುವವರಿಗೆ ಎಲ್ಲರೂ ಇನ್ನೊಂದು ಕೆಲಸ ಹೇಳುತ್ತಾರೆ. ವಾಕಿಂಗ್ ಮಾಡಿ, ಡೈರಿ ಬರೆಯಿರಿ, ಬೆಳಗ್ಗೆ ಇನ್ನೂ ಅರ್ಧ ಗಂಟೆ ಬೇಗ ಏಳಿ. ನಾನು ಉಲ್ಟಾ ಮಾಡಿದೆ. ಒಂದು ಹಾಳೆಯ ಮೇಲೆ ದಿನದ ಕೆಲಸಗಳನ್ನೆಲ್ಲ ಬರೆದೆ, ಚಿಕ್ಕದನ್ನೂ ಬಿಡಲಿಲ್ಲ. ಹಾಲಿನವನ ಲೆಕ್ಕ, ಗ್ಯಾಸ್ ಬುಕಿಂಗ್, ನಾದಿನಿಯ ಮಗನ ಹುಟ್ಟುಹಬ್ಬ ನೆನಪಿಡುವುದು, ಎಲ್ಲ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದನ್ನು ನಾನು ಮಾಡದಿದ್ದರೆ ಏನಾಗುತ್ತದೆ?

ಹಾಳೆ ನೋಡಿ ನನಗೇ ಆಶ್ಚರ್ಯ. ಮೈಮುರಿದು ಮಾಡುವ ಕೆಲಸಕ್ಕಿಂತ ನೆನಪಿಡುವ ಕೆಲಸವೇ ಜಾಸ್ತಿ ಇತ್ತು. ಮನೆಯವರು ಏನು ಹೇಳಿದರೂ ಮಾಡುತ್ತಾರೆ. ಆದರೆ ಹೇಳಬೇಕು, ಅದನ್ನು ನೆನಪಿಟ್ಟುಕೊಂಡು ಹೇಳುವವಳು ನಾನು. ಹಾಗಾಗಿ ಕೆಲಸ ಹಂಚಲಿಲ್ಲ, ಖಾತೆ ಹಂಚಿದೆ. ದಿನಸಿ ಅವರದ್ದು ಅಂದರೆ ಎಣ್ಣೆ ಮುಗಿದದ್ದು ನೋಡುವುದೂ ಅವರೇ. ಶುರುವಿನಲ್ಲಿ ಉಪ್ಪಿಟ್ಟಿಗೆ ರವೆ ಇಲ್ಲದೆ ಬೆಳಗ್ಗೆ ಬ್ರೆಡ್ ತಿಂದದ್ದೂ ಉಂಟು. ನಾನು ಬಾಯಿ ಬಿಡಲಿಲ್ಲ. ಅದು ಕಷ್ಟ, ಒಪ್ಪುತ್ತೇನೆ. ಬಾಯಿ ಬಿಟ್ಟರೆ ಖಾತೆ ವಾಪಸ್ ನಿಮ್ಮ ಕೈಗೇ ಬರುತ್ತದೆ.

ಇನ್ನು ರಾತ್ರಿಯ ಫೋನು. ಸ್ಕೂಲಿನ ಗ್ರೂಪಿನಲ್ಲಿ ಹತ್ತಕ್ಕೂ "ನಾಳೆಯೊಳಗೆ ಮಾಹಿತಿ ಕಳಿಸಿ" ಅಂತ ಬರುತ್ತದೆ. ಈಗ ಒಂಬತ್ತಕ್ಕೆ ಫೋನ್ ಹಾಲ್‌ನಲ್ಲಿ ಚಾರ್ಜಿಗೆ. ಅಲಾರಾಂಗೆ ಹಳೆ ಗಡಿಯಾರ. ಆಕಾಶ ಬೀಳಲಿಲ್ಲ.

ಮಗನ ವಿಷಯ. ಈಗ ಸೆಕೆಂಡ್ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, 2024ರಿಂದ ಹೀಗಿದೆ. ಅವುಗಳಲ್ಲಿ ಯಾವುದರಲ್ಲಿ ಜಾಸ್ತಿ ಬಂತೋ ಆ ಅಂಕ ಉಳಿಯುತ್ತದೆ. ನಮ್ಮ ಕಾಲದ ಹಾಗೆ ಒಂದೇ ಏಟಿಗೆ ಎಲ್ಲ ಮುಗಿಯುವುದಿಲ್ಲ. ಇದನ್ನು ಅವನಿಗೆ ಹೇಳಿ. ನಿಮಗೂ ಹೇಳಿಕೊಳ್ಳಿ.

ಮೈಸೂರಿನಿಂದ, ಯೋಗ ಕಲಿಸುತ್ತಿದ್ದೆ, ಈಗ ನಿವೃತ್ತ

ಟೀಚರಮ್ಮನ ಮಾತು ಸರಿ, ಆದರೆ ಪೂರ್ತಿ ಒಪ್ಪಲಾರೆ. ಹೊರೆ ಇಳಿಸುವುದಕ್ಕೆ ತಿಂಗಳುಗಳು ಬೇಕು. ಇವತ್ತು ರಾತ್ರಿ ಮೂರಕ್ಕೆ ಎಚ್ಚರವಾದರೆ ಏನು ಮಾಡಬೇಕು ತಾಯಿ? ಅದಕ್ಕೆ ಮೈಯನ್ನೇ ಹಿಡಿಯಬೇಕು.

ಧ್ಯಾನ ಬೇಡ ಅಂದಿರಿ, ಬೇಡ. ಉಸಿರು ಬಿಡುವುದನ್ನು ಮಾತ್ರ ಉದ್ದ ಮಾಡಿ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಹೀಗೆ ಮಾಡಿದರೆ ಅದು ಆರರ ಹತ್ತಿರ ಬರುತ್ತದೆ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಮಿದುಳಿನಿಂದ ಎದೆಗೆ, ಹೊಟ್ಟೆಗೆ ಇಳಿಯುವ ವೇಗಸ್ ಎಂಬ ನರದ ಕೆಲಸ ಅದು. ಬೇಕಾದರೆ ಮಣಿಕಟ್ಟಿನ ನಾಡಿ ಹಿಡಿದು ನೋಡಿ, ನಿಮಗೇ ತಿಳಿಯುತ್ತದೆ. ಐದು ನಿಮಿಷ ಸಾಕು. ರೈಲಿನಲ್ಲಿ ಕೂತೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ದುಂಬಿಯ ಹಾಗೆ ಗುಂಯ್‌ಗುಡುವ ಭ್ರಾಮರಿ ಮಾತ್ರ ರೈಲಿನಲ್ಲಿ ಬೇಡ, ಪಕ್ಕದವರು ಎದ್ದು ಹೋಗುತ್ತಾರೆ! ಉಸಿರು ಕಟ್ಟಿ ಹಿಡಿಯುವುದು ಬೇಕಿಲ್ಲ. ತಲೆ ಸುತ್ತಿದರೆ ನಿಲ್ಲಿಸಿ.

ದವಡೆಗೆ ಬೇರೆ ಉಪಾಯ. ಅಮೆರಿಕದ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯ ಸುಮಾರು ನೂರು ವರ್ಷದ ಹಿಂದೆ ಹೇಳಿಕೊಟ್ಟ ಕ್ರಮ. ಒಂದೊಂದು ಸ್ನಾಯುವನ್ನು ಬೇಕೆಂದೇ ಬಿಗಿ ಮಾಡಿ ಸಡಿಲ ಬಿಡುವುದು. ಪಾದದಿಂದ ಶುರು ಮಾಡಿ. ಐದು ಸೆಕೆಂಡ್ ಬಿಗಿ, ಆಮೇಲೆ ಪೂರ್ತಿ ಸಡಿಲ. ಮೀನಖಂಡ, ತೊಡೆ, ಮುಷ್ಟಿ, ಭುಜ, ಕೊನೆಗೆ ಮುಖ. ಬಿಗಿ ಎಲ್ಲಿದೆ ಅಂತಲೇ ನಮಗೆ ಗೊತ್ತಿರುವುದಿಲ್ಲ. ಒಮ್ಮೆ ಬಿಗಿ ಮಾಡಿ ಬಿಟ್ಟಾಗ ಗೊತ್ತಾಗುತ್ತದೆ. ನನ್ನ ಕ್ಲಾಸಿನಲ್ಲಿ ಮುಖಕ್ಕೆ ಬರುವುದರೊಳಗೆ ಗೊರಕೆ ಕೇಳಿಸುತ್ತಿತ್ತು.

ಮೂರಕ್ಕೆ ಎಚ್ಚರವಾದರೆ ಗಡಿಯಾರ ನೋಡಬೇಡಿ. ಐದಕ್ಕೆ ಏಳಬೇಕು, ಇನ್ನೆರಡೇ ಗಂಟೆ ಅಂತ ಲೆಕ್ಕ ಶುರುವಾದರೆ ನಿದ್ದೆ ಹೋದಂತೆ.

ಮಂಗಳೂರಿನಿಂದ

ನಾನು ಶನಿವಾರ ಸಂಜೆ ಭಜನೆಗೆ ಹೋಗುತ್ತೇನೆ ಮಾರಾಯ್ರೆ. ಭಕ್ತಿ ಅಷ್ಟಕ್ಕಷ್ಟೆ. ತಾಳ ಹಾಕಲಿಕ್ಕೆ ಹೋಗುವುದು. ಹತ್ತು ಜನರ ಜೊತೆ ಗಂಟಲು ಬಿಟ್ಟು ಹಾಡುವಾಗ ಆಫೀಸ್ ತಲೆಗೆ ಬರುವುದಿಲ್ಲ. ಅಲ್ಲಿ ಯಾರೂ ನನ್ನ ಪ್ರಮೋಷನ್ ಕೇಳುವುದೂ ಇಲ್ಲ.

ಕೇಳಿದವರು, ತುಮಕೂರು

ಎಲ್ಲರಿಗೂ ಥ್ಯಾಂಕ್ಸ್. ಬ್ಲಡ್ ಟೆಸ್ಟಿಗೆ ಶನಿವಾರ ಹೋಗುತ್ತೇನೆ. ಸಂಜೆ ಕಾಫಿ ಕುಡಿಯುವುದು ನಿಜ, ಅದೂ ಎರಡೆರಡು. ಹಾಳೆ ಬರೆದು ನೋಡಿದೆ ಟೀಚರ್. ಅರ್ಧ ಹಾಳೆ ಅತ್ತೆಯದ್ದೇ. ಫಿಸಿಯೋ, ಮಾತ್ರೆ, ಶುಗರ್ ನೋಡುವುದು, ಡಾಕ್ಟರ್ ಅಪಾಯಿಂಟ್‌ಮೆಂಟ್, ಹಗಲಿನಲ್ಲಿ ನೋಡಿಕೊಳ್ಳುವ ಹೆಂಗಸು ಬರದಿದ್ದರೆ ಬೇರೆ ವ್ಯವಸ್ಥೆ. ಫೋನ್ ಬಂದರೆ ಎದೆ ಹೊಡೆದುಕೊಳ್ಳುವುದೂ ಅದಕ್ಕೇ, ಇವತ್ತು ಆ ಹೆಂಗಸು ಬರುವುದಿಲ್ಲ ಅಂತಲೇ ಇರುತ್ತದೆ. ಅತ್ತೆ ಒಳ್ಳೆಯವರು. ಆದರೆ ಅವರಿಗೆ ನಾನೇ ಬೇಕು. ಮೈದುನ ಪುಣೆಯಲ್ಲಿದ್ದಾರೆ. ತಿಂಗಳಿಗೆ ಸರಿಯಾಗಿ ದುಡ್ಡು ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಕೇಳಿದರೆ ಜಗಳ ಆಗುತ್ತದೆ ಅಂತ ಯಜಮಾನರು ಕೇಳುವುದಿಲ್ಲ, ನಾನು ಕೇಳಿದರೆ "ಸೊಸೆಗೆ ಭಾರ ಆಯಿತು" ಅಂತಾರೆ.

ಮಸ್ಕತ್‌ನಿಂದ

ಅತ್ತಿಗೆ, ನಾನು ಆ ದುಡ್ಡು ಹಾಕುವ ಮೈದುನ. ನಿಮ್ಮವನಲ್ಲ, ಬೇರೆ ಮನೆಯವನು. ಊರು ಶಿವಮೊಗ್ಗದ ಕಡೆ. ಅಪ್ಪನಿಗೆ ಪಾರ್ಕಿನ್ಸನ್ ಇದೆ, ಅಣ್ಣ ಅತ್ತಿಗೆ ನೋಡಿಕೊಳ್ಳುತ್ತಾರೆ. ದೂರ ಇರುವವನ ಕಡೆಯಿಂದ ಒಂದು ಮಾತು ಹೇಳುತ್ತೇನೆ.

ನನಗೆ ಏನು ಮಾಡಬೇಕು ಅಂತ ಯಾರೂ ಹೇಳುತ್ತಿರಲಿಲ್ಲ. ಫೋನ್ ಮಾಡಿದರೆ "ಎಲ್ಲ ಆರಾಮ" ಅನ್ನುತ್ತಿದ್ದರು. ಹಾಗಂದ ಮೇಲೆ ನಾನೂ ಆರಾಮಾಗಿದ್ದೆ. ಆಮೇಲೆ ಅತ್ತಿಗೆಯೇ ಒಂದು ಮೆಸೇಜ್ ಹಾಕಿದರು. ಕಷ್ಟ ಸುಖದ ಮಾತೇ ಇರಲಿಲ್ಲ. ಮೂರೇ ಕೆಲಸ ಬರೆದಿದ್ದರು: ಮಾತ್ರೆ ಆನ್‌ಲೈನ್‌ನಲ್ಲಿ ತರಿಸುವುದು, ನ್ಯೂರಾಲಜಿ ಅಪಾಯಿಂಟ್‌ಮೆಂಟ್, ಇನ್ಶೂರೆನ್ಸ್ ಕಾಗದ. "ಇವು ಮೂರು ಇನ್ನು ನಿನ್ನವು." ಅಷ್ಟೆ. ಎಲ್ಲವೂ ಫೋನಿನಲ್ಲಿ ಆಗುವಂಥವು. ಇಲ್ಲಿಂದ ಮಾಡಲು ಏನೂ ಅಡ್ಡಿಯಿರಲಿಲ್ಲ.

ಆಮೇಲೆ ನಾಲ್ಕನೆಯದು ಸೇರಿತು. ಸಂಜೆ ಅಪ್ಪನಿಗೆ ವಿಡಿಯೋ ಕಾಲ್, ಅರ್ಧ ಗಂಟೆ. ಅಪ್ಪ ಅಡಿಕೆ ರೇಟು ಹೇಳುತ್ತಾರೆ, ಯಾರ ಮನೆಯಲ್ಲಿ ಮದುವೆ ಅಂತ ಹೇಳುತ್ತಾರೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ. ಆ ಅರ್ಧ ಗಂಟೆ ಅತ್ತಿಗೆ ಮನೆಯಲ್ಲಿ ಇರುವುದಿಲ್ಲ. ಎಲ್ಲಿಗೆ ಹೋಗುತ್ತಾರೆ ಅಂತ ನಾನು ಕೇಳಿಲ್ಲ.

ವರ್ಷಕ್ಕೊಮ್ಮೆ ರಜೆಗೆ ಬಂದಾಗ ಮೊದಲು ನೆಂಟರ ಮನೆ ಸುತ್ತುತ್ತಿದ್ದೆ. ಈಗ ಆ ರಜೆಯಲ್ಲಿ ಒಂದು ವಾರ ಅಣ್ಣ ಅತ್ತಿಗೆ ಎಲ್ಲಾದರೂ ಹೋಗುತ್ತಾರೆ. ರಾತ್ರಿ ಎಬ್ಬಿಸಿ ಬಾತ್‌ರೂಮಿಗೆ ಕರೆದುಕೊಂಡು ಹೋಗುವವನು ನಾನು. ಕಳಿಸುತ್ತಿದ್ದ ದುಡ್ಡು ಎಷ್ಟು ಕಡಿಮೆ ಅಂತ ಆ ವಾರದಲ್ಲಿ ಗೊತ್ತಾಯಿತು.

ನಿಮ್ಮ ಮೈದುನ ಪುಣೆ, ಅಂದರೆ ಒಂದು ರಾತ್ರಿಯ ರೈಲು. ಕೇಳಿ. "ಭಾರ ಆಯಿತು" ಅಂತ ಅಂದರೆ ಅನ್ನಲಿ ಬಿಡಿ, ಭಾರ ಇರುವುದು ನಿಜ ತಾನೆ?

ದಾವಣಗೆರೆ ಟೀಚರ್

ಇವರ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ.

ಬಳ್ಳಾರಿಯಿಂದ

ಎಲ್ಲರೂ ಒಳ್ಳೆಯದನ್ನೇ ಹೇಳಿದ್ದಾರೆ. ನಾನು ಸ್ವಲ್ಪ ಬೇರೆ ಹೇಳುತ್ತೇನೆ. ರಾತ್ರಿ ಎಚ್ಚರ, ಸಿಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವು ಎರಡು ವಾರ ದಾಟಿ ದಿನಾ ಇದ್ದರೆ ಮನೆಮದ್ದು ಸಾಕಾಗುವುದಿಲ್ಲ. ಬದುಕಿ ಏನು ಪ್ರಯೋಜನ ಅನ್ನಿಸಿದರಂತೂ ಎರಡು ವಾರ ಅಲ್ಲ, ಎರಡು ಗಂಟೆಯೂ ಕಾಯಬೇಡಿ. ನಾನು ಕಾದಿದ್ದು ಜಾಸ್ತಿ ಆಯಿತು ಅಂತ ಡಾಕ್ಟರೇ ಹೇಳಿದರು, ಅದಕ್ಕೇ ಹೇಳುತ್ತಿದ್ದೇನೆ.

14416 ಅಂತ ಒಂದು ನಂಬರ್ ಇದೆ. ಟೆಲಿ ಮಾನಸ್. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಡಾಕ್ಟರಿಗೆ ಕೊಡುತ್ತಾರೆ. ನೇರ ಹೋಗಬೇಕು ಅಂದರೆ ಬೆಂಗಳೂರಿಗೇ ಹೋಗಬೇಕಿಲ್ಲ, ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಈ ವಿಷಯದಲ್ಲಿ ನಮ್ಮೂರಿನವರಿಗೆ ಸ್ವಲ್ಪ ಜಂಬ. ಜಿಲ್ಲೆಯಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದಾ ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ನೋಡಿದ್ದು ಬಳ್ಳಾರಿಯಲ್ಲಿ. 1996ರಲ್ಲಿ ದೇಶಕ್ಕೆ ತಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ನಿದ್ದೆ ಮಾತ್ರೆ ತೆಗೆದುಕೊಳ್ಳಬೇಡಿ. "ಪಕ್ಕದ ಮನೆಯವರು ತಗೊಳ್ತಾರೆ" ಅಂತ ಶುರುವಾದದ್ದು ಬಿಡುವುದು ಕಷ್ಟ.

ಕೇಳಿದವರು, ತುಮಕೂರು

ಫೋನ್ ಮಾಡಿದರೆ ಆಫೀಸಿಗೆ ಗೊತ್ತಾಗುತ್ತದಾ? ನಮ್ಮದು ಚಿಕ್ಕ ಆಫೀಸ್.

ಬಳ್ಳಾರಿಯಿಂದ

ಇಲ್ಲ. ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಇನ್ಶೂರೆನ್ಸಿನವರು ಮೈಯ ಕಾಯಿಲೆಗೆ ಕೊಡುವ ಹಾಗೆ ಮನಸ್ಸಿನದ್ದಕ್ಕೂ ಕೊಡಬೇಕು ಅಂತಲೂ ಅದರಲ್ಲೇ ಇದೆ. ಏನು ಹೇಳಲಿ ಅಂತ ಗೊತ್ತಾಗದಿದ್ದರೆ ಇಲ್ಲಿ ಮೊದಲು ಬರೆದಿದ್ದೀರಲ್ಲ, ಅದನ್ನೇ ಓದಿ.

ಕೇಳಿದವರು, ತುಮಕೂರು

ಮೈದುನನಿಗೆ ಮೆಸೇಜ್ ಬರೆದಿದ್ದೇನೆ, ಇನ್ನೂ ಕಳಿಸಿಲ್ಲ. ನೋಡಿ ಹೇಳಿ: "ಅಮ್ಮನ ಮಾತ್ರೆ ತರಿಸುವುದು, ಡಾಕ್ಟರ್ ಅಪಾಯಿಂಟ್‌ಮೆಂಟ್, ಹಗಲಿನ ಹೆಂಗಸು ಬರದಿದ್ದರೆ ಏಜೆನ್ಸಿಗೆ ಫೋನ್ ಮಾಡುವುದು, ಇವು ನೀವು ನೋಡಿಕೊಂಡರೆ ಅನುಕೂಲ. ಬಿಡುವಾದಾಗ ಒಂದು ವಾರ ಬಂದು ಅಮ್ಮನ ಜೊತೆ ಇರಿ."

ಮಸ್ಕತ್‌ನಿಂದ

ಚೆನ್ನಾಗಿದೆ ಅತ್ತಿಗೆ. ಎರಡು ಸಣ್ಣ ಬದಲಾವಣೆ. ಬಿಡುವಾದಾಗ ಅಂದರೆ ಅವರು ಬರುವುದಿಲ್ಲ, ನಾನೂ ಬರುತ್ತಿರಲಿಲ್ಲ. ಮಗನ ಪರೀಕ್ಷೆಯ ವಾರದ ತಾರೀಖು ಹಾಕಿ. ಮತ್ತೆ ಮಾತ್ರೆ ಚೀಟಿಯ ಫೋಟೋ, ಡಾಕ್ಟರ್ ನಂಬರ್, ಏಜೆನ್ಸಿ ನಂಬರ್ ಮೂರನ್ನೂ ಅದೇ ಮೆಸೇಜ್ ಜೊತೆ ಕಳಿಸಿಬಿಡಿ. ಇಲ್ಲದಿದ್ದರೆ ನಾಳೆ ಬೆಳಗ್ಗೆ ನೀವು ರೈಲಿನಲ್ಲಿ ಇರುವಾಗ "ಯಾವ ಮಾತ್ರೆ ಅತ್ತಿಗೆ?" ಅಂತ ಫೋನ್ ಬರುತ್ತದೆ.