ಸಹಾಯ ಬೇಕು: ಸೋಯಾ ಕ್ಯಾಂಡಲ್‌ಗೆ ಎಷ್ಟು ದಪ್ಪದ ಬತ್ತಿ?

ಕುಮಟಾದಿಂದ ಬರೆಯುತ್ತಿದ್ದೇನೆ. ಸೋಯಾ ಮತ್ತು ತೆಂಗಿನ ಮೇಣ ಬೆರೆಸಿ, 7 ಸೆಂ.ಮೀ. ಅಗಲದ ಗಾಜಿನ ಲೋಟಕ್ಕೆ ಹೊಯ್ಯುತ್ತೇನೆ. ತೆಳು ಹತ್ತಿ ಬತ್ತಿ ಹಾಕಿದರೆ ನಡುವೆ ಬಾವಿ ತೋಡಿದ ಹಾಗೆ ಕರಗುತ್ತದೆ, ಸುತ್ತಲಿನ ಮೇಣ ಹಾಗೇ ಉಳಿಯುತ್ತದೆ. ಒಂದು ಸೈಜ್ ದಪ್ಪ ಹಾಕಿದೆ. ಮೂರು ತಾಸಿಗೆ ಅಂಚಿನವರೆಗೂ ಕರಗಿತು. ಆದರೆ ಬತ್ತಿಯ ತುದಿಗೆ ಅಣಬೆ ಥರ ಕರಿ ಗಂಟು, ಲೋಟದ ಬಾಯಿಗೆಲ್ಲ ಮಸಿ! 5 ಮಿ.ಮೀ.ಗೆ ಕತ್ತರಿಸಿಯೇ ಹಚ್ಚಿದ್ದೆ.

ಪರಿಮಳದ್ದು ಇನ್ನೊಂದು ಗೋಳು. 100 ಗ್ರಾಂ ಮೇಣಕ್ಕೆ 8 ಗ್ರಾಂ ಮಲ್ಲಿಗೆ ಎಣ್ಣೆ. ಎರಡು ವಾರ ಮುಚ್ಚಿಟ್ಟೆ. ಮುಚ್ಚಳ ತೆಗೆದರೆ ಘಮಘಮ, ಹಚ್ಚಿದರೆ ಏನೂ ಇಲ್ಲ. ಭಟ್ಕಳ ಮಲ್ಲಿಗೆ ನೆನಪಾಗಬೇಕಿತ್ತು, ನೆನಪಾಗಿದ್ದು ಸೀಮೆಎಣ್ಣೆ ಬುಡ್ಡಿ. ಏಲಕ್ಕಿಯದ್ದು ಮಾತ್ರ ಅದೇ ಬತ್ತಿಯಲ್ಲಿ ಚೆನ್ನಾಗಿದೆ. ಅಂದ್ರೆ ಪ್ರತಿ ಪರಿಮಳಕ್ಕೂ ಬತ್ತಿ ಬೇರೆ ಟೆಸ್ಟ್ ಮಾಡಬೇಕು ಅಲ್ವಾ? ಎಣ್ಣೆ 6 ಗ್ರಾಂಗೆ ಇಳಿಸಿದರೆ ಮಸಿ ಕಡಿಮೆ ಆಗುತ್ತದಾ? ಇದೇ ಅಳತೆಯ ಲೋಟದಲ್ಲಿ ಮಾಡಿದವರು ಹೇಳಿ.